ಔಷಧದ ಚೀಟಿಯಲ್ಲಿ ಅಡಗಿರುವ ಮನುಷ್ಯರು: ರೋಗ, ರೋಗಾಣು, ಪರೀಕ್ಷೆಗಳಿಗೆ ಬಂದ ಹೆಸರುಗಳು



ಪಶು ಆಸ್ಪತ್ರೆಯ ಚೀಟಿ, ಲಸಿಕೆಯ ಬಾಟಲಿ, ಸಂಘದ ಪರೀಕ್ಷಾ ಮೇಜು, ಹಾಲಿನ ಪ್ಯಾಕೆಟ್ಟು - ಇವುಗಳಲ್ಲೆಲ್ಲ ಕೆಲವು ವಿಚಿತ್ರವಾದ ಹೆಸರುಗಳು ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ಗರ್ಬರ್, ಪಾಶ್ಚರೀಕರಣ, ಬ್ರುಸೆಲ್ಲಾ, ಥೈಲೇರಿಯಾ, ಸಾಲ್ಮೊನೆಲ್ಲಾ, ಬರ್ಡಿಜೊ. ಇವೆಲ್ಲ ಇಂಗ್ಲಿಷ್ ಶಬ್ದಗಳು, ನಮಗೆ ಅರ್ಥವಾಗುವಂಥವಲ್ಲ ಎಂದು ಅನೇಕರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇವು ಇಂಗ್ಲಿಷ್ ಶಬ್ದಗಳೇ ಅಲ್ಲ. ಇವು ಮನುಷ್ಯರ ಹೆಸರುಗಳು. ಒಬ್ಬ ಸ್ವಿಟ್ಜರ್ಲೆಂಡಿನವನು, ಒಬ್ಬ ಫ್ರೆಂಚಿನವನು, ಒಬ್ಬ ಸೈನ್ಯದ ವೈದ್ಯ, ಇನ್ನೊಬ್ಬ ಇಟಲಿಯ ಪಶುವೈದ್ಯ. ನಮ್ಮೂರಿನ ಕೆರೆಗೆ ಕಟ್ಟಿಸಿದವರ ಹೆಸರು ಉಳಿಯುವಂತೆ ಇವರ ಹೆಸರು ರೋಗಕ್ಕೋ ಪರೀಕ್ಷೆಗೋ ಉಳಿದಿದೆ.

ಇದನ್ನು ತಿಳಿದು ನಮಗೆ ಆಗಬೇಕಾದ್ದೇನು ಎಂದು ನೀವು ಕೇಳಬಹುದು. ಆಗಬೇಕಾದ್ದು ಇದೆ. ಈ ಹೆಸರುಗಳಲ್ಲಿ ಒಂದೆರಡನ್ನು ಗುರುತಿಸದೆ ಹೋದರೆ ಹಸುವಿನ ಜೊತೆಗೆ ಮನೆಯವರ ಆರೋಗ್ಯಕ್ಕೂ ಧಕ್ಕೆಯಾಗುತ್ತದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ನಮ್ಮ ಹಿರಿಯರು ಇಟ್ಟ ಹೆಸರು, ವಿಜ್ಞಾನಿಗಳು ಇಟ್ಟ ಹೆಸರು

ನಮ್ಮ ಹಿರಿಯರು ರೋಗಕ್ಕೆ ಹೆಸರಿಟ್ಟದ್ದು ಕಣ್ಣಿಗೆ ಕಂಡ ಲಕ್ಷಣದಿಂದ. ಬಾಯಲ್ಲೂ ಗೊರಸಿನ ಸಂದಿನಲ್ಲೂ ಹುಣ್ಣಾದರೆ ಕಾಲುಬಾಯಿ ಜ್ವರ. ಚಪ್ಪೆ ಊದಿ ಒತ್ತಿದಾಗ ಚರಚರ ಎಂದರೆ ಚಪ್ಪೆ ರೋಗ. ಗಂಟಲು ಊದಿ ಉಸಿರು ಗೊರಗೊರ ಎಂದರೆ ಗಂಟಲು ಬೇನೆ ಅಥವಾ ಗಳಲೆ ರೋಗ. ಹೆಸರು ಹೇಳಿದ ಕೂಡಲೇ ರೋಗ ಕಣ್ಣಿಗೆ ಕಟ್ಟುತ್ತದೆ. ಇದು ಈ ಹೆಸರುಗಳ ದೊಡ್ಡ ಗುಣ.

ಆದರೆ ಒಂದು ತೊಡಕು ಉಂಟು. ಲಕ್ಷಣ ಒಂದೇ ಆದರೂ ಕಾರಣ ಬೇರೆ ಬೇರೆ ಇರಬಹುದು. ಹಸು ಕೆಂಪು ಮೂತ್ರ ಮಾಡಿತು ಎನ್ನಿ. ಅದು ಉಣ್ಣೆಯಿಂದ ಬರುವ ಬಬೇಸಿಯಾ ಎಂಬ ರಕ್ತದ ಪರೋಪಜೀವಿಯ ಕಾಟ ಇರಬಹುದು. ಇಲ್ಲವೇ ಕರು ಹಾಕಿದ ಕೆಲವು ವಾರಗಳಲ್ಲಿ ರಂಜಕದ ಕೊರತೆಯಿಂದ ಆದದ್ದೂ ಇರಬಹುದು. ಎರಡಕ್ಕೂ ನಾವು ಹೇಳುವುದು ಕೆಂಪು ಮೂತ್ರ ಎಂದೇ. ಔಷಧ ಮಾತ್ರ ಪೂರ್ತಿ ಬೇರೆ. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ಹಣವೂ ಹೋಯಿತು, ಹಸುವೂ ಹೋಯಿತು.

ವಿಜ್ಞಾನಿಗಳು ಒಂದು ರೋಗಾಣುವಿಗೆ ಒಂದೇ ಹೆಸರು ಇಡುತ್ತಾರೆ. ರುಮೇನಿಯಾದ ವಿಕ್ಟರ್ ಬಬೇಶ್ ಎಂಬ ವಿಜ್ಞಾನಿ 1888ರಲ್ಲಿ ರಾಸುಗಳ ರಕ್ತದಲ್ಲಿ ಈ ಪರೋಪಜೀವಿಯನ್ನು ಕಂಡುದರಿಂದ ಅದಕ್ಕೆ ಬಬೇಸಿಯಾ ಎಂದು ಹೆಸರಾಯಿತು. ಆ ಹೆಸರಿನಿಂದ ಲಕ್ಷಣ ತಿಳಿಯುವುದಿಲ್ಲ, ನಿಜ. ಆದರೆ ಬಬೇಸಿಯಾ ಎಂದರೆ ಬಬೇಸಿಯಾ ಮಾತ್ರ. ಬೆಂಗಳೂರಿನಲ್ಲಾಗಲಿ ಬ್ರೆಜಿಲ್‌ನಲ್ಲಾಗಲಿ ಒಂದೇ ಅರ್ಥ. ಆದ್ದರಿಂದ ಎರಡೂ ಬಗೆಯ ಹೆಸರು ನಮಗೆ ಬೇಕು. ಲಕ್ಷಣದ ಹೆಸರು ಡಾಕ್ಟರನ್ನು ಕರೆಯಲು. ವಿಜ್ಞಾನಿಯ ಹೆಸರು ಸರಿಯಾದ ಔಷಧ ಕೊಡಲು.

ದಿನಕ್ಕೆರಡು ಬಾರಿ ನೆನೆಯುವ ಗರ್ಬರ್

ಹಾಲಿನ ಬೆಲೆ ನಿಗದಿಯಾಗುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಜಿಡ್ಡು ಅಳೆಯುವ ವಿಧಾನವನ್ನು ರೂಪಿಸಿದವನು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್. 1890ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ವಿಧಾನ ಇಂದಿಗೂ ನಡೆದಿದೆ. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕುತ್ತಾರೆ. ಆಮ್ಲವು ಹಾಲಿನ ಪ್ರೋಟೀನನ್ನು ಕರಗಿಸಿ ಜಿಡ್ಡಿನ ಕಣಗಳನ್ನು ಬಿಡುಗಡೆ ಮಾಡುತ್ತದೆ. ಆಲ್ಕೋಹಾಲ್ ಆ ಜಿಡ್ಡು ಸುಡದೆ ತಿಳಿಯಾಗಿ ಬೇರೆಯಾಗಲು ನೆರವಾಗುತ್ತದೆ. ಯಂತ್ರದಲ್ಲಿ ತಿರುಗಿಸಿದಾಗ ಹಗುರವಾದ ಜಿಡ್ಡು ಕೊಳವೆಯ ಕಿರಿದಾದ ಭಾಗಕ್ಕೆ ಬಂದು ನಿಲ್ಲುತ್ತದೆ. 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿಟ್ಟು ಗೆರೆ ಓದಿದರೆ ಶೇಕಡಾವಾರು ಸಿಕ್ಕಿತು. ಈಗ ಬಹಳಷ್ಟು ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರ ಬಂದಿದೆ. ಆದರೂ ಆ ಯಂತ್ರ ಸರಿಯಾಗಿದೆಯೇ ಎಂದು ತಾಳೆ ನೋಡಲು ಗರ್ಬರನ ಬಳಿಗೇ ಹೋಗಬೇಕು.

ಇಲ್ಲಿ ಒಂದು ಮಾತು. ಗರ್ಬರ್ ಎಷ್ಟೇ ನಿಖರನಾದರೂ ಅವನು ಅಳೆಯುವುದು ಕೊಳವೆಗೆ ಬಂದ ಹಾಲನ್ನು ಮಾತ್ರ. ಕೆನೆ ಮೇಲೇರಿದ ಕ್ಯಾನಿನಿಂದ ಕಲಕದೆ ಮಾದರಿ ತೆಗೆದರೆ ಫಲಿತಾಂಶ ಸುಳ್ಳಾಗುತ್ತದೆ. ನಿಮ್ಮ ಹಾಲನ್ನು ಚೆನ್ನಾಗಿ ಕಲಕಿ ಮಾದರಿ ತೆಗೆಯುವಂತೆ ಕೇಳುವುದು ನಿಮ್ಮ ಹಕ್ಕು.

ಪಶು ಆಹಾರದ ಚೀಲದ ಮೇಲಿನ ಅಂಕಿಗಳ ಹಿಂದೆಯೂ ಮನುಷ್ಯರಿದ್ದಾರೆ. ಕಚ್ಚಾ ಪ್ರೋಟೀನ್ ಇಷ್ಟು ಎಂದು ಅಚ್ಚಾಗಿರುತ್ತದೆಯಲ್ಲ, ಅದನ್ನು ಅಳೆಯುವ ಮೂಲ ವಿಧಾನ ಡೆನ್ಮಾರ್ಕಿನ ಯೋಹಾನ್ ಕೆಲ್ದಾಲ್ 1883ರಲ್ಲಿ ಕೊಟ್ಟದ್ದು. ಅವನ ವಿಧಾನ ಸಾರಜನಕವನ್ನು ಅಳೆಯುತ್ತದೆ. ಪಶು ಆಹಾರವಾದರೆ ಬಂದ ಅಂಕಿಯನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕದಲ್ಲಿ ಒಂದು ಸಂದು ಇದೆ. ಸಾರಜನಕ ಇರುವ ಯಾವ ವಸ್ತುವನ್ನು ಬೆರೆಸಿದರೂ ಪ್ರೋಟೀನ್ ಹೆಚ್ಚಿದಂತೆ ತೋರುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಸೇರಿಸಿದವರು ಇದೇ ಸಂದಿನಿಂದ ನುಸುಳಿದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಹಸುಳೆಗಳು ಸತ್ತವು. ಹಾಲಿಗೆ ಕಲಬೆರಕೆ ಮಾಡುವುದು ಬರೀ ಅಳತೆಯ ಮೋಸವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಂಥ ಕಲಬೆರಕೆಯನ್ನು ಪತ್ತೆ ಹಚ್ಚಲು ವಿಜ್ಞಾನಿಗಳು ಪ್ರಯೋಗಿಸಿರುವ ವಿಧಾನಗಳಲ್ಲಿ ಒಂದಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ಒಂದು ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ ಚದರಿ ಬರುವ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಪ್ರತಿಯೊಂದು ವಸ್ತುವಿಗೂ ಬೇರೆ ಬೇರೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ಇದೇ ರಾಮನ್ ಪರಿಣಾಮ. ಸರ್ ಸಿ.ವಿ. ರಾಮನ್ ಇದನ್ನು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಹಿಡಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಕೊನೆಯವರೆಗೂ ಇಲ್ಲೇ ಉಳಿದರು. ಮಲ್ಲೇಶ್ವರದಲ್ಲಿ ಅವರ 'ಪಂಚವಟಿ' ಮನೆ ಇದೆ. ಈ ಬೀದಿಗಳಿಗೆ ನಮ್ಮ ಹಾಲು ದಿನವೂ ಹೋಗುತ್ತದೆ.

ಬಸವನಗುಡಿ, ಮಲ್ಲೇಶ್ವರ ಮತ್ತು ಒಂದು ರೋಗಾಣುವಿನ ನಾಮಕರಣ

ಬಸವನಗುಡಿ ಎಂದರೆ ನಮಗೆ ದೊಡ್ಡಬಸವಣ್ಣನ ಗುಡಿ, ಕಡಲೆಕಾಯಿ ಪರಿಷೆ. ಮಲ್ಲೇಶ್ವರ ಎಂದರೆ ಕಾಡು ಮಲ್ಲೇಶ್ವರ ಸ್ವಾಮಿ. ಆದರೆ ಈ ಎರಡು ಬಡಾವಣೆಗಳು ಬೆಳೆದದ್ದು ಒಂದು ರೋಗದ ದೆಸೆಯಿಂದ ಎಂಬುದನ್ನು ಈಗಿನವರು ಮರೆತಿದ್ದಾರೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಸಾವಿರಾರು ಜನ ಸತ್ತರು. ಇಲಿ ಬಿದ್ದ ಮನೆ ಬಿಟ್ಟು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಚಾಮರಾಜಪೇಟೆ ಅದಕ್ಕೆ ಕೆಲವು ವರ್ಷ ಮೊದಲೇ, 1892ರಲ್ಲಿ ರಚನೆಯಾಗಿತ್ತು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ಗಾಳಿ ಬೆಳಕು ಇರುವಂತೆ ಬೆಳೆದವು. ಜನಸಾಮಾನ್ಯರು ಈ ಮಹಾಮಾರಿಗೂ ಒಂದು ಹೆಸರಿಟ್ಟರು - ಪ್ಲೇಗ್ ಮಾರಮ್ಮ. ಆ ಹೆಸರಿನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ.

ಅದಕ್ಕೆ ನಾಲ್ಕು ವರ್ಷ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವೈದ್ಯ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದ. ಅವನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಆದರೆ ರೋಗಾಣುವಿಗೆ ಬಹುಕಾಲ ಸೇರಿಕೊಂಡಿದ್ದ ಹೆಸರು ಅವನದಲ್ಲ. ಪುಸ್ತಕಗಳಲ್ಲಿ ಅದು 'ಪಾಶ್ಚುರೆಲ್ಲಾ ಪೆಸ್ಟಿಸ್' ಎಂದೇ ಇತ್ತು. ಯೆರ್ಸಿನನ ಹೆಸರಿನಲ್ಲಿ 'ಯೆರ್ಸಿನಿಯಾ' ಎಂಬ ಹೊಸ ಕುಲವನ್ನು ಸೂಚಿಸಿದ್ದು 1944ರಲ್ಲಿ. ಅದು ಎಲ್ಲೆಡೆ ಬಳಕೆಗೆ ಬರಲು ಇನ್ನೂ ವರ್ಷಗಳು ಹಿಡಿದವು. ಪ್ಲೇಗಿನ ವಿರುದ್ಧ 1897ರಲ್ಲಿ ಮುಂಬಯಿಯಲ್ಲಿ ಲಸಿಕೆ ತಯಾರಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡವನು ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಅವನ ಹೆಸರಿನದು.

ಪ್ಲೇಗಿನ ರೋಗಾಣು ಪಾಶ್ಚುರೆಲ್ಲಾ ಎಂಬ ಹೆಸರು ಬಿಟ್ಟಿತು. ಆದರೆ ಅದೇ ಹೆಸರಿನ ಇನ್ನೊಂದು ರೋಗಾಣು ನಮ್ಮ ಕೊಟ್ಟಿಗೆಯಲ್ಲೇ ಉಳಿದಿದೆ. ಅದೇ ಪಾಶ್ಚುರೆಲ್ಲಾ ಮಲ್ಟೊಸಿಡಾ, ಅಂದರೆ ಗಳಲೆ ರೋಗದ ರೋಗಾಣು. ಮಳೆಗಾಲದ ಆರಂಭದಲ್ಲಿ ಇದರ ಹಾವಳಿ ಹೆಚ್ಚು. ಹಠಾತ್ತನೆ ಜೋರು ಜ್ವರ, ಗಂಟಲ ಊತ, ಉಸಿರಾಟದ ಕಷ್ಟ. ಒಂದೆರಡು ದಿನದಲ್ಲೇ ಸಾವು. ಎಮ್ಮೆಗಳಿಗೆ ಇದು ಇನ್ನೂ ಮಾರಕ. ರೋಗ ಬಂದ ಮೇಲೆ ಚಿಕಿತ್ಸೆಗೆ ಸಿಗುವ ಸಮಯ ಬಹಳ ಕಡಿಮೆ. ಮುಂಗಾರಿಗೆ ಮೊದಲು ಲಸಿಕೆ ಹಾಕಿಸುವುದೊಂದೇ ಭದ್ರವಾದ ದಾರಿ. ಅದರ ಜೊತೆಗೇ ಹಾಕಿಸುವ ಚಪ್ಪೆ ರೋಗದ ಲಸಿಕೆಯ ಬಾಟಲಿಯಲ್ಲಿ 'ಕ್ಲಾಸ್ಟ್ರಿಡಿಯಂ ಚೊವೊಯಿ' ಎಂದಿರುತ್ತದೆ. ಅದೂ ಫ್ರಾನ್ಸಿನ ಪಶುವೈದ್ಯ ಅಗಸ್ಟ್ ಶೊವೊ ಅವರ ಹೆಸರು.

ಪಾಶ್ಚರ್ ಎಂಬ ಹೆಸರು ಹಾಲಿಗೆ ಬಂದದ್ದು ಹೇಗೆ?

ಲೂಯಿ ಪಾಶ್ಚರ್ 1860ರ ದಶಕದಲ್ಲಿ ಬಿಸಿ ಮಾಡಿ ಕೆಡದಂತೆ ಉಳಿಸಿದ್ದು ಹಾಲನ್ನಲ್ಲ, ದ್ರಾಕ್ಷಾರಸದ ಮದ್ಯವನ್ನು. ಕುದಿಸದೆ ಹದವಾಗಿ ಬಿಸಿ ಮಾಡಿದರೂ ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ರುಚಿಯೂ ಉಳಿಯುತ್ತದೆ ಎಂದು ಅವನು ತೋರಿಸಿದ. ಇದನ್ನು ಮಕ್ಕಳ ಹಾಲಿಗೆ ಅನ್ವಯಿಸಬೇಕೆಂದು 1886ರಲ್ಲಿ ಹೇಳಿದವನು ಜರ್ಮನಿಯ ಫ್ರಾಂಟ್ಸ್ ಸಾಕ್ಸ್‌ಲೆಟ್. ಪಶು ಆಹಾರದಲ್ಲಿನ ಜಿಡ್ಡನ್ನು ಅಳೆಯುವ ಸಾಕ್ಸ್‌ಲೆಟ್ ಉಪಕರಣ ಇವನದೇ. ಹಾಲಿನ ಕೆಲಸ ಸಾಕ್ಸ್‌ಲೆಟ್ ಮಾಡಿದರೂ ಹೆಸರು ಮಾತ್ರ ಮೂಲ ಗುರುವಿನದೇ ಉಳಿಯಿತು.

ಡೈರಿಯಲ್ಲಿ ಹಾಲನ್ನು 72 ಡಿಗ್ರಿಗೆ ಬಿಸಿ ಮಾಡಿ 15 ಸೆಕೆಂಡು ಹಿಡಿದು, ತಕ್ಷಣ ತಣಿಸುತ್ತಾರೆ. ಹಳೆಯ ವಿಧಾನದಲ್ಲಿ 63 ಡಿಗ್ರಿಯಲ್ಲಿ 30 ನಿಮಿಷ. ಕ್ಷಯ, ಬ್ರುಸೆಲ್ಲಾ ಮೊದಲಾದ ರೋಗಾಣುಗಳು ಇಷ್ಟಕ್ಕೇ ಸಾಯುತ್ತವೆ. ಬೆಂಗಳೂರಿನಲ್ಲಿ 1965ರಲ್ಲಿ ಯುನಿಸೆಫ್ ನೆರವಿನಿಂದ ಡೈರಿ ಆರಂಭವಾಗುವ ಮೊದಲು ಹಳೆಯ ಬಡಾವಣೆಗಳಲ್ಲಿ ಹಸುವನ್ನೇ ಮನೆ ಬಾಗಿಲಿಗೆ ಹೊಡೆದು ತಂದು ಕಣ್ಣೆದುರಿಗೆ ಕರೆದು ಕೊಡುವ ಪದ್ಧತಿ ಇತ್ತು. ಕಣ್ಣೆದುರಿಗೆ ಕರೆದರೆ ನೀರು ಬೆರೆಸಿಲ್ಲ ಎಂಬ ಖಾತರಿ ಸಿಗುತ್ತಿತ್ತು. ರೋಗಾಣು ಇಲ್ಲ ಎಂಬ ಖಾತರಿ ಸಿಗುತ್ತಿರಲಿಲ್ಲ. ಮನೆಯ ಹೆಂಗಸರು ಹಾಲನ್ನು ಉಕ್ಕಿಸಿಯೇ ಬಳಸುತ್ತಿದ್ದರು. ಪಾಶ್ಚರನ ಹೆಸರು ಕೇಳದೆಯೂ ಅವರು ಮಾಡಿದ್ದು ಸರಿಯಾದ ಕೆಲಸ.

ಇನ್ನು ಬ್ರುಸೆಲ್ಲಾ - ಇದನ್ನು ಗಮನವಿಟ್ಟು ಓದಿ

ಈ ಲೇಖನದಲ್ಲಿ ಒಂದೇ ಹೆಸರನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಎಂಬ ಸಣ್ಣ ದ್ವೀಪವಿದೆ. ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ ಕಾಡುತ್ತಿತ್ತು. ಸೈನ್ಯದ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. ಆದರೆ ಅದು ಎಲ್ಲಿಂದ ಬರುತ್ತದೆಂದು ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವನೇ ಆದ ತೆಮಿಸ್ತೊಕ್ಲೆಸ್ ಜಮ್ಮಿತ್ ಎಂಬ ವೈದ್ಯ ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳಲ್ಲಿ ಆ ರೋಗಾಣುವಿನ ಸೋಂಕನ್ನು ಪತ್ತೆ ಮಾಡಿದ. ಸೈನಿಕರು ಕುಡಿಯುತ್ತಿದ್ದುದು ಆ ಮೇಕೆಗಳ ಹಸಿ ಹಾಲು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದರು; ಜ್ವರ ಇಳಿದುಹೋಯಿತು.

ಇತ್ತ ಡೆನ್ಮಾರ್ಕಿನಲ್ಲಿ ಬರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯ 1897ರಲ್ಲಿ ಕಂದು ಹಾಕಿದ ಹಸುಗಳಿಂದ ಒಂದು ರೋಗಾಣುವನ್ನು ಕಂಡುಹಿಡಿದಿದ್ದ. ಅದಕ್ಕೆ ಬ್ಯಾಂಗ್ಸ್ ರೋಗ ಎಂದು ಹೆಸರಾಯಿತು. ಮನುಷ್ಯರ ವೈದ್ಯರು ಬ್ರೂಸನನ್ನು ಓದುತ್ತಿದ್ದರು, ಪಶುವೈದ್ಯರು ಬಾಂಗನನ್ನು ಓದುತ್ತಿದ್ದರು. ಎರಡೂ ಬೇರೆ ಬೇರೆ ಎಂದೇ ಎಲ್ಲರೂ ತಿಳಿದಿದ್ದರು. ಎರಡು ಹೆಸರು ಇದ್ದದ್ದೇ ಎರಡು ರೋಗ ಎಂಬ ಭ್ರಮೆಗೆ ಇಂಬು ಕೊಟ್ಟಿತು.

1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಎಂಬ ಮಹಿಳೆ ಈ ಎರಡು ರೋಗಾಣುಗಳೂ ಬಹಳ ಹತ್ತಿರದ ನೆಂಟರು, ಹಸುವಿನ ಹಸಿ ಹಾಲಿನಿಂದಲೂ ಮನುಷ್ಯರಿಗೆ ಜ್ವರ ಬರಬಹುದು ಎಂದು ಬರೆದರು. ಅನೇಕ ವಿಜ್ಞಾನಿಗಳು ನಂಬಲಿಲ್ಲ. ಮುಂದೆ ಪ್ರಯೋಗಾಲಯದ ಕೆಲಸದಲ್ಲಿ ಅವರಿಗೇ ಆ ಸೋಂಕು ತಗುಲಿ ವರ್ಷಗಟ್ಟಲೆ ನರಳಿದರು. ಕೊನೆಗೆ ಅವರ ಮಾತೇ ನಿಜವಾಯಿತು. 1920ರಲ್ಲಿ ಎರಡನ್ನೂ ಸೇರಿಸಿ ಬ್ರುಸೆಲ್ಲಾ ಎಂಬ ಒಂದೇ ಕುಲನಾಮ ಕೊಟ್ಟರು. ಬ್ರೂಸನ ಹೆಸರು ಉಳಿಯಿತು. ಮೇಕೆಯ ಹಾಲನ್ನು ತೋರಿಸಿಕೊಟ್ಟ ಜಮ್ಮಿತನ ಹೆಸರಾಗಲಿ, ಹಸುವಿನ ಹಾಲಿನ ಬಗ್ಗೆ ಎಚ್ಚರಿಸಿದ ಆಲಿಸ್ ಇವಾನ್ಸರ ಹೆಸರಾಗಲಿ ರೋಗಕ್ಕೆ ಸೇರಲಿಲ್ಲ.

ಈಗ ನಮ್ಮ ಕೊಟ್ಟಿಗೆಗೆ ಬನ್ನಿ. ಕನ್ನಡದಲ್ಲಿ ಇದಕ್ಕೆ ಕಂದು ರೋಗ ಎನ್ನುತ್ತೇವೆ. ಗಬ್ಬದ ಹಸು ಐದು ತಿಂಗಳ ನಂತರ, ಹೆಚ್ಚಾಗಿ ಆರರಿಂದ ಎಂಟು ತಿಂಗಳ ನಡುವೆ ಕಂದು ಹಾಕುತ್ತದೆ. ಮಾಸು ಬೀಳದೆ ಉಳಿಯುತ್ತದೆ. ಮುಂದೆ ಗಬ್ಬ ನಿಲ್ಲುವುದು ತಡವಾಗುತ್ತದೆ. ಹೋರಿಗಳಲ್ಲಿ ಬೀಜ ಊದುತ್ತದೆ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಪೂರ್ತಿ ದಿನ ತುಂಬಿ ಈಯಬಹುದು. ಆಗ ರೋಗ ಹೋಯಿತೆಂದು ತಿಳಿಯಬೇಡಿ. ಹಾಲಿನಲ್ಲಿ, ಈದಾಗ ಬರುವ ಸ್ರಾವದಲ್ಲಿ ರೋಗಾಣು ಹೊರಬೀಳುತ್ತಲೇ ಇರುತ್ತದೆ.

ಮನೆಯವರಿಗೆ ತಗುಲುವುದು ಹೇಗೆ? ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿ ಹಾಕುವುದರಿಂದ. ಕೈಯಲ್ಲಿ ಗಾಯ ಇದ್ದರಂತೂ ಇನ್ನೂ ಸುಲಭ. ಹಸಿ ಹಾಲು ಕುಡಿಯುವುದರಿಂದ. ನೊರೆಹಾಲು ಕುಡಿದರೆ ಮೈಗೆ ಶಕ್ತಿ ಎಂದು ನಂಬಿ ಮಕ್ಕಳಿಗೆ ಕೆಚ್ಚಲ ಬುಡದಲ್ಲೇ ಲೋಟ ಹಿಡಿದು ಕುಡಿಸುವವರು ಇಂದಿಗೂ ಇದ್ದಾರೆ. ದಯವಿಟ್ಟು ಇದನ್ನು ಬಿಡಿ. ಕಾಯಿಸಿದರೆ ಹಾಲಿನ ಶಕ್ತಿ ಹೋಗುವುದಿಲ್ಲ, ರೋಗಾಣು ಮಾತ್ರ ಹೋಗುತ್ತದೆ.

ಮನುಷ್ಯರಲ್ಲಿ ಇದರ ಲಕ್ಷಣ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ವಿಪರೀತ ಸುಸ್ತು. ಗಂಡಸರಲ್ಲಿ ಬೀಜದ ಊತವೂ ಬರಬಹುದು. ಟೈಫಾಯಿಡ್, ಮಲೇರಿಯಾ ಎಂದು ತಪ್ಪು ತಿಳಿಯುವುದು ಸುಲಭ. ಇಲ್ಲೇ ಹೆಸರಿನ ಪ್ರಶ್ನೆ ಬರುವುದು. ಹಸುವಿನ ಚೀಟಿ ಪಶು ಆಸ್ಪತ್ರೆಯದು, ಮನೆಯವರ ಚೀಟಿ ಜನರ ಆಸ್ಪತ್ರೆಯದು. ಎರಡು ಚೀಟಿಗಳನ್ನು ಒಟ್ಟಿಗೆ ನೋಡುವವರು ಯಾರೂ ಇಲ್ಲ, ನಿಮ್ಮ ಹೊರತು. ಪಶುವೈದ್ಯರು 'ಬ್ರುಸೆಲ್ಲಾ' ಎಂದು ಬರೆದ ಮನೆಯಲ್ಲಿ ಯಾರಿಗಾದರೂ ವಾರಗಟ್ಟಲೆ ಜ್ವರ ಇದ್ದರೆ, ಆ ಮಾತನ್ನು ನೀವೇ ವೈದ್ಯರಿಗೆ ಹೇಳಬೇಕು. "ನಮ್ಮ ಮನೆಯಲ್ಲಿ ಹಸು ಕಂದು ಹಾಕಿತ್ತು, ಬ್ರುಸೆಲ್ಲಾ ಎಂದಿದ್ದರು" - ಈ ಒಂದು ಮಾತು ಸಾಕು, ವೈದ್ಯರು ಸರಿಯಾದ ರಕ್ತಪರೀಕ್ಷೆ ಮಾಡಿಸುತ್ತಾರೆ. ಚಿಕಿತ್ಸೆ ಇದೆ, ಗುಣವಾಗುತ್ತದೆ. ಆದರೆ ಔಷಧವನ್ನು ವಾರಗಟ್ಟಲೆ, ಮಧ್ಯೆ ಬಿಡದೆ, ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು.

ಹಸುವಿನ ರಕ್ತ ಪರೀಕ್ಷೆಯ ಚೀಟಿಯಲ್ಲಿ 'ರೋಸ್ ಬೆಂಗಾಲ್' ಎಂದಿರುತ್ತದೆ. ಇದು ಮಾತ್ರ ಯಾವ ಮೇಡಂ ಹೆಸರೂ ಅಲ್ಲ. ಪರೀಕ್ಷೆಯ ದ್ರಾವಣಕ್ಕೆ ಬಣ್ಣ ಕೊಡುವ ಗುಲಾಬಿ ಬಣ್ಣದ ಹೆಸರು.

ಈ ರೋಗ ಬಂದ ಹಸುವಿಗೆ ಚಿಕಿತ್ಸೆ ಕೊಟ್ಟು ಗುಣಪಡಿಸುವ ಭರವಸೆ ಇಲ್ಲ. ಆದ್ದರಿಂದ ಲಸಿಕೆಯೇ ಮುಖ್ಯ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕಿಸಿದರೆ ಸಾಕು. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಇದನ್ನು ಹಾಕುವಂತಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಈ ರೋಗವನ್ನೂ ಸೇರಿಸಲಾಗಿದೆ. ಕರುವಿನ ವಯಸ್ಸು ಎಂಟು ತಿಂಗಳು ದಾಟಿಹೋದರೆ ಅವಕಾಶ ತಪ್ಪಿದಂತೆಯೇ. ಹುಟ್ಟಿದ ದಿನವನ್ನು ಗೋಡೆಯ ಮೇಲೋ ಸಂಘದ ಪುಸ್ತಕದಲ್ಲೋ ಬರೆದಿಡಿ.

ಇನ್ನೂ ಕೆಲವು ಹೆಸರುಗಳು

ಥೈಲೇರಿಯಾ: ಮಿಶ್ರತಳಿ ಹಸುಗಳಿಗೆ, ಅದರಲ್ಲೂ ಕರುಗಳಿಗೆ ಉಣ್ಣೆಯಿಂದ ಬರುವ ಮಾರಕ ಜ್ವರ. ಗಡ್ಡೆಗಳು ಊದುತ್ತವೆ, ರಕ್ತ ಕಡಿಮೆಯಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕದಲ್ಲಿ ಕೆಲಸ ಮಾಡಿದ ಪಶುವೈದ್ಯ ಅರ್ನಾಲ್ಡ್ ಥೈಲರ್ ಅವರ ಹೆಸರು. ಅವರ ಮಗ ಮ್ಯಾಕ್ಸ್ ಥೈಲರ್ ಹಳದಿ ಜ್ವರದ ಸಂಶೋಧನೆಗಾಗಿ 1951ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಜಾನ್ಸ್ ರೋಗ: ಇದು ಇಂಗ್ಲಿಷರ ಜಾನ್ ಅಲ್ಲ. ಜರ್ಮನಿಯ ಡ್ರೆಸ್ಡೆನ್ ಊರಿನ ಹೈನ್ರಿಚ್ ಯೋನೆ 1895ರಲ್ಲಿ ವಿವರಿಸಿದ ರೋಗ. ಹಸು ಚೆನ್ನಾಗಿ ಮೇಯುತ್ತದೆ, ಆದರೂ ಭೇದಿ ನಿಲ್ಲದೆ ಸೊರಗುತ್ತಾ ಹೋಗುತ್ತದೆ. ಗದ್ದದ ಕೆಳಗೆ ನೀರು ತುಂಬಿದಂತೆ ಊದುತ್ತದೆ. ಸೋಂಕು ತಗುಲುವುದು ಕರುವಾಗಿದ್ದಾಗ, ಸಗಣಿ ಬೆರೆತ ಮೇವು, ನೀರು, ಹಾಲಿನಿಂದ. ಕಾಣಿಸಿಕೊಳ್ಳುವುದು ವರ್ಷಗಳ ಮೇಲೆ. ಇದಕ್ಕೂ ಔಷಧ ಇಲ್ಲ. ಕರುಗಳನ್ನು ದೊಡ್ಡ ರಾಸುಗಳ ಸಗಣಿಯಿಂದ ದೂರ ಕಟ್ಟುವುದೇ ರಕ್ಷಣೆ.

ಸರ್ರಾ: ಇದರ ರೋಗಾಣುವಿನ ಹೆಸರು ಟ್ರಿಪನೊಸೋಮಾ ಇವಾನ್ಸಿ. 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡವನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ. ನಮ್ಮ ಹಸು ಎಮ್ಮೆಗಳಿಗೂ ಇದು ಬರುತ್ತದೆ. ಹರಡುವುದು ಕಚ್ಚುವ ನೊಣಗಳಿಂದ.

ಸಾಲ್ಮೊನೆಲ್ಲಾ: ಸಾಲ್ಮನ್ ಎಂಬ ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು. 1885ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿದವನು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಹೆಸರು ಸೇರಿದ್ದು ಮೇಲಧಿಕಾರಿಗೆ. ರಾಮನ್ ಪರಿಣಾಮದ ಕೆಲಸದಲ್ಲೂ ಕೆ.ಎಸ್. ಕೃಷ್ಣನ್ ಜೊತೆಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಹೆಸರು ಒಬ್ಬರದಾದರೂ ಕೆಲಸ ಹಲವರದು.

ಬರ್ಡಿಜೊ: ಹೋರಿಕರುಗಳ ಬೀಜ ಒಡೆಯಲು ಬಳಸುವ ಇಕ್ಕುಳ. ಚರ್ಮ ಕೊಯ್ಯದೆ, ರಕ್ತ ಬಾರದಂತೆ ಕೆಲಸ ಮುಗಿಸುವ ಈ ಸಾಧನ ಇಟಲಿಯ ಪಶುವೈದ್ಯ ಬರ್ಡಿಜೊ ರೂಪಿಸಿದ್ದು.

ರಿಂಗರ್ಸ್ ಲ್ಯಾಕ್ಟೇಟ್: ನಿತ್ರಾಣಗೊಂಡ ಹಸುವಿಗೆ ಏರಿಸುವ ಡ್ರಿಪ್ ಬಾಟಲಿಯ ಮೇಲಿನ ಹೆಸರು. ಇಂಗ್ಲೆಂಡಿನ ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಚೆನ್ನಾಗಿ ಬಡಿಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ನಲ್ಲಿ ನೀರಿನ ಸುಣ್ಣದಂಶ. ಈದ ಹಸು ಹಾಲು ಜ್ವರದಿಂದ ಬಿದ್ದಾಗ ನಾವು ಕ್ಯಾಲ್ಸಿಯಂ ಏರಿಸುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ. ಮಾಂಸಖಂಡಕ್ಕೂ ಹೃದಯಕ್ಕೂ ಸುಣ್ಣದಂಶ ಬೇಕೇ ಬೇಕು.

ಊರಿನ ಹೆಸರು ರೋಗಕ್ಕೆ ಬಂದರೆ

ಮನುಷ್ಯರ ಹೆಸರಿನಂತೆ ಊರಿನ ಹೆಸರೂ ರೋಗಕ್ಕೆ ಸೇರುವುದುಂಟು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅದಕ್ಕೆ ಉದಾಹರಣೆ. 1957ರಲ್ಲಿ ಅಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಜಗತ್ತು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತದೆ. ವಿಜ್ಞಾನಿಯ ಹೆಸರು ಸೇರಿದರೆ ಗೌರವ. ಊರಿನ ಹೆಸರು ಸೇರಿದರೆ ಆ ಊರಿನವರಿಗೆ ಅದು ಅಂಟಿಕೊಂಡ ಕಳಂಕ. ಇದನ್ನು ಮನಗಂಡು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ರೋಗಗಳಿಗೆ ಊರಿನ, ಮನುಷ್ಯರ ಅಥವಾ ಪ್ರಾಣಿಗಳ ಹೆಸರು ಇಡಬಾರದೆಂದು ಸಲಹೆ ಮಾಡಿತು. ಹಾಗಾಗಿ ಮುಂದೆ ಬರುವ ರೋಗಗಳಲ್ಲಿ ಇಂಥ ಹೆಸರುಗಳು ಕಡಿಮೆಯಾಗಬಹುದು. ಹಳೆಯವು ಮಾತ್ರ ನಮ್ಮ ಚೀಟಿಗಳಲ್ಲಿ ಇದ್ದೇ ಇರುತ್ತವೆ.

ನೆನಪಿನಲ್ಲಿಡಿ

1. ಪಶುವೈದ್ಯರು ಬರೆದ ಚೀಟಿಯಲ್ಲಿ ರೋಗದ ಹೆಸರು ಏನೆಂದು ಕೇಳಿ, ಕನ್ನಡದಲ್ಲಿ ಬರೆಸಿಕೊಳ್ಳಿ. ಚೀಟಿಗಳನ್ನು ಎಸೆಯದೆ ಒಂದು ಕಡೆ ಇಡಿ.

2. ಹಸು ಐದು ತಿಂಗಳ ಮೇ‌ಲೆ ಕಂದು ಹಾಕಿದರೆ ಬಿದ್ದದ್ದು, ಒದ್ದುಕೊಂಡದ್ದು ಎಂದು ನೀವೇ ತೀರ್ಮಾನಿಸಬೇಡಿ. ರಕ್ತ ಪರೀಕ್ಷೆ ಮಾಡಿಸಿ.

3. ಕಂದು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲವಾದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಹಾಕಿಕೊಳ್ಳಿ. ನಾಯಿಗಳಿಗೆ ಸಿಗದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಗರ್ಭಿಣಿಯರು ಈ ಕೆಲಸಕ್ಕೆ ಹೋಗಲೇಬಾರದು.

4. ಕಂದು ಹಾಕಿದ ಹಸುವನ್ನು ಪರೀಕ್ಷೆ ಮಾಡಿಸದೆ ಸಂತೆಗೆ ಹೊಡೆಯಬೇಡಿ. ನಿಮ್ಮ ಕೊಟ್ಟಿಗೆಯ ಕಷ್ಟ ಇನ್ನೊಬ್ಬ ಸದಸ್ಯರ ಕೊಟ್ಟಿಗೆಗೆ ಹೋಗುತ್ತದೆ. ಹೊಸ ಹಸು ಕೊಳ್ಳುವಾಗಲೂ ಪರೀಕ್ಷೆ ಮಾಡಿಸಿ ಕೊಳ್ಳಿ.

5. ಊರಿನ ಹೋರಿಗೆ ಬಿಡುವ ಬದಲು ಕೃತಕ ಗರ್ಭಧಾರಣೆ ಮಾಡಿಸಿ.

6. ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ. ಮಾರುವ ಹಾಲನ್ನು ಡೈರಿಯಲ್ಲಿ ಪಾಶ್ಚರೀಕರಿಸುತ್ತಾರೆ; ಮನೆಗೆಂದು ಉಳಿಸಿಕೊಂಡ ಹಾಲಿಗೆ ಆ ರಕ್ಷಣೆ ಇರುವುದಿಲ್ಲ. ಪಟ್ಟಣದವರಿಗಿಂತ ಹಾಲು ಕರೆಯುವ ಮನೆಯವರಿಗೇ ಅಪಾಯ ಹೆಚ್ಚು ಎಂಬುದನ್ನು ಮರೆಯಬೇಡಿ.

7. ಮುಂಗಾರಿಗೆ ಮೊದಲು ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ. ನಾಲ್ಕರಿಂದ ಎಂಟು ತಿಂಗಳೊಳಗೆ ಹೆಣ್ಣುಕರುವಿಗೆ ಕಂದು ರೋಗದ ಲಸಿಕೆ.

8. ಮನೆಯಲ್ಲಿ ಯಾರಿಗಾದರೂ ಬಹುದಿನದ ಜ್ವರ, ಕೀಲುನೋವು ಇದ್ದರೆ ವೈದ್ಯರ ಬಳಿಗೆ ಹಸುವಿನ ಚೀಟಿಯನ್ನೂ ತೆಗೆದುಕೊಂಡು ಹೋಗಿ.

ನಿಮ್ಮ ಸಂಘದ ವ್ಯಾಪ್ತಿಯಲ್ಲಿ ಒಂದೇ ಋತುವಿನಲ್ಲಿ ಎರಡು ಮೂರು ಹಸುಗಳು ಕಂದು ಹಾಕಿದ್ದರೆ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರಿಗೆ ಕೂಡಲೇ ತಿಳಿಸಿರಿ. ಸಂಘದಲ್ಲಿ ಬಾಯಿಬಿಟ್ಟು ಹೇಳಲು ಸಂಕೋಚ ಬೇಡ. ಒಂದು ಮನೆಯವರು ಮುಚ್ಚಿಟ್ಟರೆ ಇಡೀ ಬೀದಿಯ ರಾಸುಗಳಿಗೆ ತೊಂದರೆ. ಒಬ್ಬರು ಹೇಳಿದರೆ ಎಲ್ಲರ ಕರುಗಳಿಗೂ ಲಸಿಕೆ ಸಿಗುತ್ತದೆ.